ಚಿತ್ರಕಥೆಯಲ್ಲಿ ಮಾರ್ಗಭೇದ

ದಂಡಿಯು ತನ್ನ ಕಾವ್ಯಾದರ್ಶದಲ್ಲಿ ವೈದರ್ಭ ಗೌಡಗಳೆಂಬ ಎರಡು ಮಾರ್ಗಗಳನ್ನು ವಿವೇಚಿಸಿದನು. ಆ ಜಾಡಿನಲ್ಲಿಯೇ ನಡೆದ ನಮ್ಮ ಕವಿರಾಜಮಾರ್ಗವು ದಕ್ಷಿಣಮಾರ್ಗ ಉತ್ತರಮಾರ್ಗಗಳನ್ನು ಹೇಳಿತು. ಹೆಸರುಗಳು ದೇಶವನ್ನು ಹಿಡಿದು ಬಂದಿದ್ದರೂ ಅವುಗಳ ಲಕ್ಷಣವಿರುವುದು ದೇಶದಲ್ಲಲ್ಲ, ರಚನೆಯಲ್ಲಿ. ವಿದರ್ಭದಲ್ಲಿ ಹುಟ್ಟಿದವನು ಗೌಡಮಾರ್ಗದಲ್ಲಿ ಬರೆಯುವುದಕ್ಕೆ ಅಡ್ಡಿಯೇನೂ ಇಲ್ಲ. ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಕಲಿತ ಈ ವಿಭಾಗವನ್ನು, ಈ ವಯಸ್ಸಿನಲ್ಲಿ, ಜಪಾನಿನ ಮಾಂಗಾ ಮತ್ತು ಅಮೆರಿಕದ ಕಾಮಿಕ್ಸ್ ಎಂಬ ಚಿತ್ರಪುಸ್ತಕಗಳಿಗೆ ಹಚ್ಚಿ ನೋಡಬೇಕಾದೀತೆಂದು ನಾನು ಎಣಿಸಿರಲಿಲ್ಲ. ಈ ಪತ್ರಿಕೆಯ ವಾಚಕರಲ್ಲಿ ಕೆಲವರು ತಲೆಬರಹವನ್ನು ನೋಡಿಯೇ ನಕ್ಕಾರು. ನಗಲಿ, ಆದರೆ ಓದಿದ ಮೇಲೆ ನಗಬೇಕೆಂದು ಪ್ರಾರ್ಥನೆ.

ಈ ವಿಷಯದಲ್ಲಿ ನಾನು ಹಿಂದೆ ಅಪರಾಧಿಯಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಶಬ್ದಮಂಜರಿಯ ಮರೆಯಲ್ಲಿಟ್ಟುಕೊಂಡು ಓದುತ್ತಿದ್ದ ಒಂದು ಚಿತ್ರಪುಸ್ತಕವನ್ನು ಒಬ್ಬ ಹುಡುಗನ ಕೈಯಿಂದ ಕಿತ್ತುಕೊಂಡು, ತರಗತಿಯ ಎದುರಿಗೆ ಎರಡಾಗಿ ಹರಿದುಹಾಕಿದೆನು. ಅದರೊಳಗೆ ಏನಿದ್ದಿತೆಂದು ನೋಡುವ ಗೋಜಿಗೆ ಹೋಗಲಿಲ್ಲ. ಗ್ರಂಥವನ್ನು ಓದದೆ ತೀರ್ಪು ಕೊಡುವುದು ವಿಮರ್ಶಕನಿಗೆ ಮಹಾದೋಷವೆಂದು ಅದೇ ದಿನ ಮೇಲಿನ ತರಗತಿಗೆ ಬೋಧಿಸಿದ್ದರೂ ಆಶ್ಚರ್ಯವಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳು, ತೆಜುಕಾ ಒಸಾಮು ಎಂಬ ಜಪಾನೀ ಚಿತ್ರಕಾರನ ‘ಬುದ್ಧ’ದ ಇಂಗ್ಲಿಷ್ ಅನುವಾದದ ಮೊದಲ ಸಂಪುಟವನ್ನು ನನ್ನ ಮುಂದಿಟ್ಟು, “ಅಜ್ಜ, ಜಾತಕದ ಕಥೆ ನಿಮಗೆ ಗೊತ್ತಲ್ಲ, ಇದನ್ನು ನೋಡಿ ಹೇಗಿದೆ ಹೇಳಿ” ಎಂದಳು. ಹರಿದುಹಾಕಿದ ಪುಸ್ತಕದ ನೆನಪು ಬಂದು, ಬೇಡವೆನ್ನಲು ಬಾಯಿ ಬರಲಿಲ್ಲ. ಆ ಮೇಲೆ ಅವಳು ತಂದುಕೊಟ್ಟ ಅಮೆರಿಕದ ಪುಸ್ತಕಗಳನ್ನೂ ಓದಿದೆನು. ಪ್ರಕೃತ ಲೇಖನವು ಅದರ ಫಲ.

‘ಬುದ್ಧ’ವು 1972ರಿಂದ 1983ರವರೆಗೆ ಜಪಾನಿನಲ್ಲಿ ಧಾರಾವಾಹಿಯಾಗಿ ಬಂದ ಕೃತಿ. ಅದರ ಆರಂಭದಲ್ಲಿಯೇ ಶಶಜಾತಕವು ಬರುತ್ತದೆ. ಆರ್ಯಶೂರನ ಜಾತಕಮಾಲೆಯಲ್ಲಿ ಈ ಕಥೆಯನ್ನು ಓದಿದವರಿಗೆ ನೆನಪಿರಬಹುದು: ಮೊಲಕ್ಕೆ ನೀರುನಾಯಿ, ನರಿ, ಕೋತಿಗಳು ಗೆಳೆಯರು, ಬ್ರಾಹ್ಮಣವೇಷದಿಂದ ಬಂದ ಶಕ್ರನಿಗೆ ಒಂದೊಂದೂ ತನಗೆ ದೊರೆತ ಆಹಾರವನ್ನು ತಂದುಕೊಡಲು, ಕೊಡುವುದಕ್ಕೆ ಏನೂ ಇಲ್ಲದ ಮೊಲವು ತನ್ನ ಶರೀರವನ್ನೇ ಕೆಂಡಕ್ಕೆ ಒಪ್ಪಿಸುತ್ತದೆ. ಆರ್ಯಶೂರನ ಮೊಲವು ವಾಗ್ಮಿ. ಧರ್ಮವನ್ನು ವಿಚಾರಮಾಡುತ್ತದೆ, ಅತಿಥಿಗೆ ಭಾಷಣಮಾಡುತ್ತದೆ, ಆಮೇಲೆ ಹಾರುತ್ತದೆ. ತೆಜುಕನಲ್ಲಿ ಹಿಮದಲ್ಲಿ ಬಿದ್ದ ಒಬ್ಬ ಮುದುಕ; ಗೆಳೆಯರು ಕರಡಿ ಮತ್ತು ನರಿ. ಕರಡಿ ಮೀನನ್ನು ತರುತ್ತದೆ, ನರಿ ಹಣ್ಣನ್ನು ತರುತ್ತದೆ, ಮೊಲ ಬರಿದಾಗಿ ಬರುತ್ತದೆ. ಪುಟದ ಮೇಲೆ ಪುಟ ಕಳೆದರೂ ಒಂದು ಮಾತಿಲ್ಲ. ಬಿಳಿಯ ಬಯಲು, ಚಿಕ್ಕ ಪ್ರಾಣಿ, ಉರಿ. ಮೊಲವು ಏನು ವಿಚಾರಮಾಡಿತೆಂದು ಯಾರೂ ನಮಗೆ ಹೇಳುವುದಿಲ್ಲ. ಅದು ಹಾರುವ ಮುನ್ನಿನ ಕ್ಷಣದಲ್ಲಿ ಚಿತ್ರಕಾರನು ನಮ್ಮನ್ನು ನಿಲ್ಲಿಸಿಬಿಡುತ್ತಾನೆ. ವಿಚಾರವನ್ನು ನಾವೇ ಮಾಡಬೇಕಾಗುತ್ತದೆ.

ಆರ್ಯಶೂರನಿಗಿಂತ ಇದು ಮೇಲೆಂದು ನಾನು ಹೇಳಲಾರೆ. ಹೇಳಿದರೆ ನನ್ನ ಗುರುಗಳ ಆತ್ಮಕ್ಕೆ ನೋವಾದೀತು. ಆದರೆ ವಾಚ್ಯವನ್ನು ಪೂರ್ತಿಯಾಗಿ ತೆಗೆದುಹಾಕಿ, ವಿಭಾವ ಅನುಭಾವಗಳನ್ನು ಮಾತ್ರ ಕಣ್ಣಿಗೆ ಕಾಣಿಸಿ, ಕರುಣವನ್ನು ಓದುಗನ ಹೃದಯದಲ್ಲಿ ಹೊರಡಿಸಬಲ್ಲ ಒಂದು ವಿದ್ಯೆಯನ್ನು ಬಾಲರಂಜನವೆಂದು ತಳ್ಳಿಹಾಕುವುದು ಹೇಗೆ? ನಾನು ಹರಿದ ಪುಸ್ತಕದಲ್ಲಿಯೂ ಇಂಥದೊಂದು ಪುಟವಿದ್ದಿರಬಹುದೆಂಬ ಶಂಕೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇನ್ನು ಅಮೆರಿಕದ ಮಾರ್ಗವನ್ನು ನೋಡೋಣ. ಅದರ ಲಕ್ಷಣವೆಲ್ಲವೂ 1938ರ ಜೂನ್ ತಿಂಗಳ ಹೆಸರಿನಲ್ಲಿ ಹೊರಟ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆಯ ರಕ್ಷಾಪತ್ರದಲ್ಲಿಯೇ ಇದೆ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು ಕಲ್ಪಿಸಿದ ಸೂಪರ್‌ಮ್ಯಾನನು ಒಂದು ಮೋಟಾರು ಬಂಡಿಯನ್ನೇ ಎತ್ತಿ ಬಂಡೆಗೆ ಬಡಿಯುತ್ತಿದ್ದಾನೆ. ಜನರು ತಲೆಯ ಮೇಲೆ ಕೈಯಿಟ್ಟುಕೊಂಡು ಓಡುತ್ತಿದ್ದಾರೆ. ಪತ್ರಿಕೆಯ ಹೆಸರು ಕೂಡ ಕ್ರಿಯೆಯೆಂದೇ ಇರುವುದನ್ನು ಗಮನಿಸಿ. ಇಲ್ಲಿ ಪ್ರತಿಯೊಂದು ಚೌಕವೂ ಒಂದು ಕಾರ್ಯ. ಎತ್ತಿದನು, ಎಸೆದನು, ಹಾರಿದನು. ಎರಡು ಕಾರ್ಯಗಳ ನಡುವಣ ಕಾಲವು ಎರಡು ಚೌಕಗಳ ನಡುವಣ ಬಿಳಿಯ ಗೆರೆಯಲ್ಲಿ ಅಡಗಿಹೋಗುತ್ತದೆ.

ಈ ಮಾರ್ಗದ ಪರಾಕಾಷ್ಠೆಯನ್ನು ನಾನು ಕಂಡದ್ದು ಜ್ಯಾಕ್ ಕರ್ಬಿಯಲ್ಲಿ (1917–1994). 1961ರಲ್ಲಿ ಸ್ಟ್ಯಾನ್ ಲೀಯೊಡನೆ ಸೇರಿ ‘ಫೆಂಟಾಸ್ಟಿಕ್ ಫೋರ್’ ಎಂಬ ಮಾಲೆಯನ್ನು ಆರಂಭಿಸಿದ ಇವನ ವೀರರು ನಿಂತರೆ ಕಾಲುಗಳು ಪುಟದ ಎರಡು ಅಂಚುಗಳನ್ನು ಮುಟ್ಟುತ್ತವೆ. ಮುಷ್ಟಿಯನ್ನು ಚಾಚಿದರೆ ಅದು ಕಾಗದವನ್ನು ಒಡೆದುಕೊಂಡು ಓದುಗನ ಮೂಗಿಗೇ ಬಂದಂತೆ ತೋರುತ್ತದೆ. ಆಕಾಶದಲ್ಲಿ ಶಕ್ತಿಯು ಸಿಡಿಯುವುದನ್ನು ತೋರಿಸಲು ಅವನು ಕಪ್ಪು ಚುಕ್ಕೆಗಳ ಗೊಂಚಲುಗಳನ್ನು ಬರೆಯುತ್ತಾನೆ. ಅಂಥ ಚುಕ್ಕೆಗಳಿಗೆ ಅವನ ಹೆಸರೇ ಅಂಟಿಕೊಂಡಿದೆ. ಲೋಕಗಳನ್ನೇ ನುಂಗಿ ಬದುಕುವ ಗೆಲಾಕ್ಟಸ್ ಎಂಬ ಮಹಾಸತ್ತ್ವವು ಭೂಮಿಗೆ ಇಳಿಯುವ ಪ್ರಸಂಗವನ್ನು (1966) ನೋಡುವಾಗ ನನಗೆ ನೆನಪಾದದ್ದು ನಮ್ಮ ಗೌಡಮಾರ್ಗದ ಓಜಸ್ಸು. ದೀರ್ಘಸಮಾಸಗಳನ್ನು ಒಂದರ ಮೇಲೊಂದು ಪೇರಿಸಿ ಕಿವಿಯನ್ನು ಬೆಚ್ಚಿಸುವ ಗದ್ಯವನ್ನು ಕೀಳೆಂದು ಯಾವ ಸಹೃದಯನೂ ಹೇಳನು. ಬಾಣಭಟ್ಟನನ್ನು ಒಪ್ಪಿಕೊಂಡ ನಾವು ಕರ್ಬಿಯನ್ನು ಒಪ್ಪಿಕೊಳ್ಳಲಾರೆವೆ? ವೀರ ಅದ್ಭುತಗಳಿಗೆ ಆ ರೀತಿಯೇ ಉಚಿತ. ಆದರೆ ಕರುಣ ಶಾಂತಗಳಿಗೆ ಅದು ಒಗ್ಗಲಾರದು.

ಸ್ಕಾಟ್ ಮೆಕ್ಲೌಡ್ ಎಂಬ ಅಮೆರಿಕದ ಚಿತ್ರಕಾರನು 1993ರಲ್ಲಿ ಈ ಕಲೆಗೆ ಒಂದು ಲಕ್ಷಣಗ್ರಂಥವನ್ನು ರಚಿಸಿದ್ದಾನೆ. ಅದನ್ನೂ ಚಿತ್ರಕಥೆಯಾಗಿಯೇ ಬರೆದಿರುವುದರಿಂದ ಲಕ್ಷ್ಯವೂ ಲಕ್ಷಣವೂ ಒಂದೇ ಕಡೆ ದೊರೆಯುತ್ತವೆ. ಒಂದು ಚೌಕದಿಂದ ಮತ್ತೊಂದಕ್ಕೆ ಕಥೆಯು ಯಾವ ಬಗೆಯಲ್ಲಿ ದಾಟುತ್ತದೆಂಬುದನ್ನು ಅವನು ಎಣಿಸಿ ನೋಡಿದನು. ಅಮೆರಿಕದ ಕೃತಿಗಳಲ್ಲಿ ಬಹುಪಾಲು ಕ್ರಿಯೆಯಿಂದ ಕ್ರಿಯೆಗೆ ದಾಟುವುದು. ಜಪಾನಿನಲ್ಲಿ ಅದರ ಜೊತೆಗೆ, ಒಂದೇ ಸ್ಥಳದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ, ಕಾಲವು ಮುಂದರಿಯದೆ, ಕಣ್ಣು ಮಾತ್ರ ಸರಿಯುವ ಬಗೆ. ಸೂರಿನಿಂದ ತೊಟ್ಟಿಕ್ಕುವ ನೀರು, ಹೊಸ್ತಿಲ ಬಳಿ ಬಿಟ್ಟ ಪಾದರಕ್ಷೆ, ಖಾಲಿ ಬೀದಿ. ಉದ್ದೀಪನವಿಭಾವವೆಂದು ನಮ್ಮವರು ಕರೆದದ್ದು ಇದನ್ನೇ ಅಲ್ಲವೆ?

ಈ ಭೇದಕ್ಕೆ ಕಾರಣವೇನೆಂಬ ಪ್ರಶ್ನೆ ಬಂದೊಡನೆ ಬಹುಜನರು ಜಪಾನೀಯರ ಝೆನ್ ಧ್ಯಾನ, ಮೌನಪ್ರೀತಿ, ಹೂವಿನ ಅಲಂಕಾರ ಎಂದು ಮೊದಲುಮಾಡುವರು. ಕೆಲವರು ಕ್ಯೋಟೋ ನಗರದ ಕೊಝಾನ್‌ಜಿ ಎಂಬ ವಿಹಾರಕ್ಕೆ ಸೇರಿದ, 12-13ನೆಯ ಶತಮಾನದ ಕಪ್ಪೆ ಮೊಲಗಳ ಸುರುಳಿಚಿತ್ರದಿಂದ ಇಂದಿನ ಮಾಂಗಾದವರೆಗೆ ಒಂದೇ ವಂಶವೃಕ್ಷವನ್ನು ಬರೆಯುವರು. ನನಗೆ ಇದು ಸಮ್ಮತವಲ್ಲ. ಮಾಂಗಾ ಎಂಬ ಪದವನ್ನು ಹೆಸರಾಂತುದನ್ನಾಗಿ ಮಾಡಿದ ಹೊಕುಸಾಯಿಯ ಸಂಪುಟಗಳು 1814ರಿಂದ ಹೊರಟುವು ನಿಜ. ಆದರೆ ಅವು ಬಿಡಿಚಿತ್ರಗಳು, ಕಥೆಗಳಲ್ಲ. ದೇಶದ ಸ್ವಭಾವವೆಂಬ ಉತ್ತರವು ಎಲ್ಲವನ್ನೂ ವಿವರಿಸುವುದರಿಂದ ಏನನ್ನೂ ವಿವರಿಸುವುದಿಲ್ಲ. ನನ್ನ ಅಲ್ಪಮತಿಗೆ ತೋರುವ ಮೊದಲ ಕಾರಣವು ತುಂಬ ಲೌಕಿಕವಾದದ್ದು: ಕಾಗದ.

ಅಮೆರಿಕದಲ್ಲಿ ತಿಂಗಳಿಗೊಮ್ಮೆ ಬರುವ ತೆಳುವಾದ ಸಂಚಿಕೆಯಲ್ಲಿ ಕಥೆಗೆ ದೊರೆಯುವುದು ಸುಮಾರು ಇಪ್ಪತ್ತು ಪುಟ. ಅದೂ ಬಣ್ಣದಲ್ಲಿ ಅಚ್ಚಾಗಬೇಕು. ಒಬ್ಬನು ಸೀಸದ ಕಡ್ಡಿಯಿಂದ ಬರೆದದ್ದಕ್ಕೆ ಇನ್ನೊಬ್ಬನು ಶಾಯಿ ಹಚ್ಚಬೇಕು, ಮೂರನೆಯವನು ಅಕ್ಷರ ಬರೆಯಬೇಕು, ನಾಲ್ಕನೆಯವನು ಬಣ್ಣ ತುಂಬಬೇಕು. ಇಂಥಲ್ಲಿ ಒಂದು ಪುಟವೆಂದರೆ ಬೆಲೆಯುಳ್ಳ ನಿವೇಶನ. ಅದರಲ್ಲಿ ಖಾಲಿ ಬೀದಿಯನ್ನು ಬರೆದು ಕುಳಿತರೆ ಯಜಮಾನನು ಸುಮ್ಮನಿರುವನೆ? ಜಪಾನಿನಲ್ಲಿ 1959ರ ಮಾರ್ಚ್ ತಿಂಗಳಲ್ಲಿ ಹುಡುಗರಿಗಾಗಿ ಎರಡು ವಾರಪತ್ರಿಕೆಗಳು ಒಮ್ಮೆಗೇ ಹುಟ್ಟಿದುವು. 1968ರಲ್ಲಿ ‘ಶೋನೆನ್ ಜಂಪ್’ ಬಂದಿತು. ಇವು ಕಾಲಕ್ರಮದಲ್ಲಿ ನಾನೂರು ಪುಟಗಳಿಗೂ ಮಿಕ್ಕ ದಪ್ಪ ಸಂಚಿಕೆಗಳಾಗಿ, ಅಗ್ಗದ ಒರಟು ಕಾಗದದ ಮೇಲೆ, ಬಹುಮಟ್ಟಿಗೆ ಒಂದೇ ಬಣ್ಣದ ಶಾಯಿಯಲ್ಲಿ ಅಚ್ಚಾಗಿ ಬರತೊಡಗಿದುವು. 1995ರ ಸುಮಾರಿಗೆ ‘ಜಂಪ್’ ಒಂದೇ ವಾರಕ್ಕೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಮುಟ್ಟಿದ್ದಿತು. ಅಲ್ಲಿ ಒಬ್ಬ ಲೇಖಕನಿಗೆ ವಾರಕ್ಕೆ ಇಪ್ಪತ್ತರ ಹತ್ತಿರ ಪುಟಗಳು. ಒಂದು ಕಥೆಗೆ ಸಾವಿರಾರು ಪುಟಗಳು. ಬರಿಯ ಮಳೆಯನ್ನು ಮೂರು ಪುಟ ಬರೆದರೂ ಯಾರಿಗೂ ನಷ್ಟವಿಲ್ಲ. ಕಾಗದವು ಅಗ್ಗವಾದಲ್ಲಿ ಮೌನವೂ ಅಗ್ಗವಾಯಿತು.

ಇದಕ್ಕೆ ಪ್ರಮಾಣವಾಗಿ ಅಮೆರಿಕದ್ದೇ ಒಂದು ಉದಾಹರಣೆಯನ್ನು ಕೊಡುತ್ತೇನೆ. 1955ರಲ್ಲಿ ‘ಇಂಪ್ಯಾಕ್ಟ್’ ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೀನ್ ಎಂಬುವನು ಚಿತ್ರಿಸಿದ ‘ಮಾಸ್ಟರ್ ರೇಸ್’ ಎಂಬ ಕಥೆ ಬಂದಿತು. ನಾಜಿಗಳ ಯಾತನಾಶಿಬಿರದ ಅಧಿಕಾರಿಯಾಗಿದ್ದವನೊಬ್ಬನು ನ್ಯೂಯಾರ್ಕಿನ ಸುರಂಗದ ರೈಲಿನಲ್ಲಿ ಹಳೆಯ ಒಂದು ಮುಖವನ್ನು ಕಾಣುತ್ತಾನೆ, ಓಡುತ್ತಾನೆ, ರೈಲಿನ ಮುಂದೆ ಬೀಳುತ್ತಾನೆ. ಸಂಪಾದಕರು ಕೊಟ್ಟದ್ದು ಆರು ಪುಟ. ಚಿತ್ರಕಾರನು ಹಟ ಹಿಡಿದು ಎಂಟಕ್ಕೆ ಹಿಗ್ಗಿಸಿದನು. ಅಷ್ಟರಲ್ಲಿಯೂ ಅವನು ಚೌಕಗಳನ್ನು ಬಿದಿರಿನ ಸಲಾಕೆಗಳಂತೆ ಸೀಳಿ ಸೀಳಿ, ಬೀಳುವ ಒಂದು ಕ್ಷಣವನ್ನು ಹಲವು ಕ್ಷಣಗಳಾಗಿ ಮಾಡಿ, ಹಾಯ್ದುಹೋಗುವ ರೈಲಿನ ಕಿಟಕಿಗಳಲ್ಲಿನ ಮುಖಗಳನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಿದ್ದಾನೆ. ಈತನು ಝೆನ್ ಕಲಿತವನಲ್ಲ. ಅವನಿಗೆ ಬೇಕಾಗಿದ್ದುದು ಪುಟಗಳು; ಅವನ ಕಸುಬಿನ ಲೋಕದಲ್ಲಿ ಅವು ಸಿಗಲಿಲ್ಲ. ಮೊದಲು ಹೇಳಿದಂತೆ, ವಿದರ್ಭದ ಮಾರ್ಗವು ಗೌಡದೇಶದಲ್ಲಿ ಹುಟ್ಟಬಹುದು. ಬೆಳೆಯುವುದಕ್ಕೆ ನೆಲ ಬೇಕು.

ಮುಖಗಳ ವಿಷಯ ಬೇರೆ. ಮಾಂಗಾವನ್ನು ನೋಡಿದ ಹಿರಿಯರೆಲ್ಲರೂ ಮೊದಲು ಆಕ್ಷೇಪಿಸುವುದು ಆ ದೊಡ್ಡ ಕಣ್ಣು, ಚಿಕ್ಕ ಮೂಗು, ಮಕ್ಕಳಂಥ ಮುಖಗಳನ್ನು, ನಾನೂ ಆಕ್ಷೇಪಿಸಿದೆನು. ಶುದ್ಧೋದನನ ಆಸ್ಥಾನದಲ್ಲಿ ಬೊಂಬೆಗಳು ಓಡಾಡುವುದೆಂದರೇನು? ವಿಚಿತ್ರವೆಂದರೆ ಈ ಕಣ್ಣುಗಳು ಜಪಾನಿನ ಪ್ರಾಚೀನ ಸಂಪತ್ತಲ್ಲ. ತೆಜುಕನು (1928–1989) ಬಾಲ್ಯದಿಂದಲೂ ಅಮೆರಿಕದ ಡಿಸ್ನಿಯ ಚಲಚ್ಚಿತ್ರಗಳಿಗೆ ಮರುಳಾಗಿದ್ದವನು. ವೈದ್ಯವಿದ್ಯೆಯನ್ನು ಓದಿಯೂ ಚಿತ್ರವನ್ನು ಬಿಡದವನು. 1947ರ ಅವನ ‘ಹೊಸ ನಿಧಿದ್ವೀಪ’ದಲ್ಲಿಯೂ, 1952ರಲ್ಲಿ ಆರಂಭವಾದ ಯಂತ್ರಬಾಲಕ ಆಟಮ್‌ನ ಕಥೆಯಲ್ಲಿಯೂ ಆ ಋಣವು ಎದ್ದು ಕಾಣುತ್ತದೆ. ಅಂದರೆ ಅಮೆರಿಕವು ಮಕ್ಕಳ ನಗೆಗೆಂದು ಮಾಡಿದ ಮುಖವನ್ನು ಜಪಾನು ದುಃಖಕ್ಕೆ ಬಳಸಿತು. ಹಿರೋಷಿಮದ ಬಾಂಬಿನಿಂದ ಆರು ವರ್ಷದ ಬಾಲಕನಾಗಿ ಬದುಕುಳಿದ ನಕಜಾವಾ ಕೇಜಿಯು 1973ರಲ್ಲಿ ತೊಡಗಿದ ‘ಬರಿಗಾಲಿನ ಗೆನ್’ ಎಂಬ ಕೃತಿಯಲ್ಲಿ ಮುಖಗಳು ದುಂಡಗಿನ ವಿನೋದಚಿತ್ರದವೇ. ಸುಡುವ ಊರು ಮಾತ್ರ ವಿನೋದವಲ್ಲ.

ಇದು ಹೇಗೆ ಸಾಧ್ಯವೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರವಿದೆ. ಭಟ್ಟನಾಯಕನು ಹೇಳಿ, ಅಭಿನವಗುಪ್ತನು ವಿಸ್ತರಿಸಿದ ಸಾಧಾರಣೀಕರಣವು ವಾಚಕರಿಗೆ ತಿಳಿದದ್ದೇ. ಪಾತ್ರವು ಇಂಥವನು, ಇಂಥ ಊರಿನವನು ಎಂಬ ವಿಶೇಷವು ಕಳಚಿದಾಗಲೇ ಅವನ ಶೋಕವು ಪ್ರೇಕ್ಷಕನಲ್ಲಿ ರಸವಾಗುವುದು. ನಾಲ್ಕು ಗೆರೆಗಳ ಮುಖದಲ್ಲಿ ವಿಶೇಷವು ಮೊದಲೇ ಕಳಚಿಹೋಗಿದೆ. ಅಮೆರಿಕದ ವೀರನ ಪ್ರತಿಯೊಂದು ಸ್ನಾಯುವನ್ನೂ ಬರೆದಿರುವುದರಿಂದ ನಾವು ಅವನನ್ನು ಕಂಡು ಬೆರಗಾಗುತ್ತೇವೆ, ಆದರೆ ಹೊರಗೆ ನಿಂತಿರುತ್ತೇವೆ. ‘ಬುದ್ಧ’ದಲ್ಲಿ ಸಿದ್ಧಾರ್ಥನು ಹುಟ್ಟುವ ಮುನ್ನವೇ ಕಥೆಯನ್ನು ಹೊರುವವರು ಚಾಪ್ರ ಎಂಬ ದಾಸಪುತ್ರ, ತಟ್ಟ ಎಂಬ ಅಂತ್ಯಜಬಾಲಕ. ಇಬ್ಬರೂ ಕವಿಕಲ್ಪಿತರು. ತನ್ನ ಹುಟ್ಟನ್ನು ಬಚ್ಚಿಟ್ಟು ಸೇನಾಪತಿಯ ಮಗನಾಗಿ ಬಾಳುವ ಚಾಪ್ರನ ಮುಖದಲ್ಲಿ ಗೆರೆಗಳು ಬಹಳವಿಲ್ಲ. ಆ ಖಾಲಿ ಜಾಗದಲ್ಲಿ ನಾನು ಪಾಠ ಹೇಳಿದ ಕೆಲವು ಹುಡುಗರ ಮುಖಗಳನ್ನು ಕಂಡೆನು. ಅವರಲ್ಲಿ ಕೆಲವರನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಕರೆಯಲಿಲ್ಲವೆಂಬುದೂ ನೆನಪಾಯಿತು. ಜಾತಿಯನ್ನು ಕುರಿತ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ. ಯಾವುದೂ ಹೀಗೆ ಮಾಡಿರಲಿಲ್ಲ.

ಓಡುವುದನ್ನು ಬರೆಯುವ ಬಗೆಯಲ್ಲಿಯೂ ಇದೇ ಭೇದವನ್ನು ಕಾಣಬಹುದು. ಅಮೆರಿಕದಲ್ಲಿ ಓಡುವವನ ಹಿಂದೆ ಗೆರೆಗಳು. ಅವನು ನಮ್ಮೆದುರಿಗೆ ಹಾದುಹೋದನು. ಜಪಾನಿನಲ್ಲಿ ಓಡುವವನು ಸ್ಪಷ್ಟ, ಅವನ ಹಿಂದಿನ ಲೋಕವೆಲ್ಲ ಗೆರೆಗಳಾಗಿ ಕರಗಿಹೋಗಿದೆ. ಅವನ ಜೊತೆಗೆ ನಾವೂ ಓಡುತ್ತಿದ್ದೇವೆ. ಇನ್ನು ಶಬ್ದ. ಅಮೆರಿಕದ ಪುಟದಲ್ಲಿ ಹೊಡೆತದ ಸದ್ದು ದಪ್ಪಕ್ಷರಗಳಲ್ಲಿ ಸಿಡಿಯುವುದನ್ನು ಎಲ್ಲರೂ ಬಲ್ಲರು. ಜಪಾನೀಯರು ಸದ್ದಿಲ್ಲದಿರುವುದಕ್ಕೂ ಒಂದು ಅನುಕರಣಶಬ್ದವನ್ನಿಟ್ಟುಕೊಂಡು, ‘ಶೀನ್’ ಎಂದು ಚಿತ್ರದೊಳಗೇ ಬರೆಯುವರು! ಇಂಗ್ಲಿಷಿಗೆ ಅನುವಾದಿಸುವವರು ಇದಕ್ಕೆ ಒದ್ದಾಡುವರು. ಕನ್ನಡದವನು ಒದ್ದಾಡಬೇಕಾಗಿಲ್ಲ. ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯು ‘ಬಿಕೋ’ ಎನ್ನುತ್ತದೆಂದು ನಾವು ಹೇಳುವುದಿಲ್ಲವೆ? ಮಾಂಗಾವನ್ನು ಕನ್ನಡಕ್ಕೆ ತರಹೊರಡುವವರಿಗೆ ನಮ್ಮ ಭಾಷೆಯಲ್ಲಿ ಇಂಥ ಬಂಡವಾಳ ಬೇಕಾದಷ್ಟಿದೆ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯವು ಮೊದಲಿದ್ದುದಕ್ಕಿಂತ ಬದಲಾಗಿದೆ. ಕಪ್ಪುಬಿಳುಪನ್ನು ಬಡತನವೆಂದು ಎಣಿಸಿದ್ದೆನು. ಒತೊಮೊ ಕಟ್ಸುಹಿರೋ ಎಂಬುವನು 1982ರಿಂದ 1990ರವರೆಗೆ ಬರೆದ, ಎರಡು ಸಾವಿರ ಪುಟಗಳನ್ನು ಮೀರಿದ ‘ಅಕಿರ’ವನ್ನು 1988ರಿಂದ ಅಮೆರಿಕದವರು ಗಣಕಯಂತ್ರದ ಸಹಾಯದಿಂದ ಬಣ್ಣ ತುಂಬಿ ಪ್ರಕಟಿಸಿದರು. ಕೆಲಸವು ನಿಪುಣವಾದದ್ದು, ಬಣ್ಣಗಾರನನ್ನು ಹಳಿಯಲಾಗದು. ಆದರೂ ಮೂಲದ ಪುಟದೊಡನೆ ಇಟ್ಟು ನೋಡಿದರೆ, ಕುಸಿಯುವ ನಗರದ ಸಾವಿರ ಕಿಟಕಿಗಳನ್ನು ಒಂದೊಂದಾಗಿ ಬರೆದ ಲೇಖನಿಯ ಗೆರೆಯು ಬಣ್ಣದಡಿಯಲ್ಲಿ ಉಸಿರುಕಟ್ಟಿದಂತೆ ನನಗೆ ತೋರಿತು. ಕರ್ಬಿಯ ಪುಟದಿಂದ ಬಣ್ಣವನ್ನು ತೆಗೆದರೆ ಏನೋ ಕಳೆದಂತೆ. ಒತೊಮೊನ ಪುಟಕ್ಕೆ ಬಣ್ಣವನ್ನು ಸೇರಿಸಿದರೂ ಏನೋ ಕಳೆದಂತೆ.

ಅನುವಾದಕರ ಮತ್ತೊಂದು ಅಪಚಾರವನ್ನು ಹೇಳದಿರಲಾರೆ. ಜಪಾನೀ ಪುಸ್ತಕವು ಬಲದಿಂದ ಎಡಕ್ಕೆ ಸಾಗುವುದು. ಮೊದಮೊದಲು ಅಮೆರಿಕದ ಪ್ರಕಾಶಕರು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚು ಹಾಕುತ್ತಿದ್ದರು. ಇದರಿಂದ ಯೋಧರೆಲ್ಲರೂ ಎಡಚರಾದರು. ಅದಾದರೂ ಹೋಗಲಿ, ಜಪಾನಿನಲ್ಲಿ ಕಿಮೋನೋ ಉಡುಪಿನ ಎಡಸೆರಗು ಬಲಸೆರಗಿನ ಮೇಲೆ ಬರಬೇಕು, ಶವಕ್ಕೆ ಮಾತ್ರ ಅದು ವ್ಯತ್ಯಸ್ತ. ಕನ್ನಡಿಯ ಪುಟಗಳಲ್ಲಿ ಬದುಕಿರುವ ಗಂಡಸರೂ ಹೆಂಗಸರೂ ಹೆಣದ ಉಡುಗೆಯಲ್ಲಿ ಓಡಾಡಿದರು. 2002ರ ಸುಮಾರಿನಿಂದ ಮೂಲದ ದಿಕ್ಕಿನಲ್ಲಿಯೇ ಅಚ್ಚುಹಾಕುವ ವಾಡಿಕೆ ಬಲವಾಯಿತು. ಅಮೆರಿಕದ ಮಕ್ಕಳು ಹಿಂದಿನಿಂದ ಮುಂದಕ್ಕೆ ಓದುವುದನ್ನು ಬೇಗ ಕಲಿತುಬಿಟ್ಟರು. ಹಿರಿಯರು ಅನಾವಶ್ಯಕವಾಗಿ ಹೆದರಿದ್ದರು.

ಇಷ್ಟೆಲ್ಲ ಹೊಗಳಿದ ಮೇಲೆ ಮಾಂಗಾದ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ವಾರವಾರವೂ ಒಪ್ಪಿಸಬೇಕಾದ ಕೆಲಸದಲ್ಲಿ ಮುಖಗಳು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಾಗಿ, ಕೇಶವಿನ್ಯಾಸದಿಂದಲೇ ವ್ಯಕ್ತಿಯನ್ನು ಗುರುತಿಸಬೇಕಾಗುತ್ತದೆ. ಪುಟಗಳು ಸುಲಭವಾಗಿ ದೊರೆತಾಗ ಮೌನವೂ ವಾಚಾಳಿಯಾಗುತ್ತದೆ. ಒಂದು ಕಣ್ಣೀರಿಗೆ ನಾಲ್ಕು ಪುಟ ಹಿಡಿದವರೂ ಉಂಟು. ತೆಜುಕನಂಥವನೇ ಗಂಭೀರಪ್ರಸಂಗದ ನಡುವೆ ಇಂದಿನ ಕಾಲದ ಅಗ್ಗದ ವಿನೋದವನ್ನು ತುರುಕುತ್ತಾನೆ. ಇದನ್ನು ರಸಭಂಗವೆನ್ನದೆ ಬೇರೇನೆನ್ನಲಿ? ಮೊಮ್ಮಗಳು ಇದಕ್ಕೆ ಒಪ್ಪುವುದಿಲ್ಲ. ನಮ್ಮ ನಾಟಕಗಳಲ್ಲಿ ವಿದೂಷಕನು ಬರುವುದಿಲ್ಲವೆ ಎಂದು ಕೇಳುತ್ತಾಳೆ. ವಿದೂಷಕನಿಗೆ ತನ್ನ ಸಮಯ ಗೊತ್ತು ಎಂದೆನು. ಚರ್ಚೆ ಇನ್ನೂ ಮುಗಿದಿಲ್ಲ.

ಈಗಂತೂ ಎರಡು ಮಾರ್ಗಗಳೂ ಹೆಣೆದುಕೊಂಡಿವೆ. ಕೊಯಿಕೆ ಕಜುವೊ ಬರೆದು ಕೊಜಿಮ ಗೊಸೆಕಿ ಚಿತ್ರಿಸಿದ ‘ಒಂಟಿತೋಳ ಮತ್ತು ಮರಿ’ (1970–76) ಎಂಬ ಕೃತಿಯಿಂದ ಪಾಠ ಕಲಿತ ಅಮೆರಿಕದ ಫ್ರಾಂಕ್ ಮಿಲ್ಲರನು, 1987ರಲ್ಲಿ ಅದರ ಇಂಗ್ಲಿಷ್ ಆವೃತ್ತಿ ಹೊರಟಾಗ ತಾನೇ ರಕ್ಷಾಪತ್ರಗಳನ್ನು ಬರೆದುಕೊಟ್ಟನು. ಆರ್ಟ್ ಸ್ಪೀಗಲ್‌ಮನ್ನನ ‘ಮೌಸ್’ 1992ರಲ್ಲಿ ಪುಲಿಟ್ಜರ್ ಪುರಸ್ಕಾರವನ್ನು ಪಡೆಯಿತು. ಅಲ್ಲಿ ಯೆಹೂದ್ಯರು ಇಲಿಗಳು, ನಾಜಿಗಳು ಬೆಕ್ಕುಗಳು, ಬಣ್ಣವಿಲ್ಲ, ವೀರನೂ ಇಲ್ಲ. ನಾಲ್ಕು ಗೆರೆಯ ಮುಖದಲ್ಲಿ ಶೋಕವು ಹೇಗೆ ನಿಲ್ಲುವುದೆಂಬುದನ್ನು ಅಮೆರಿಕದವನೂ ತನ್ನದೇ ದಾರಿಯಲ್ಲಿ ಕಂಡುಕೊಂಡನು.

ನಮ್ಮ ನಾಡಿನ ಮಕ್ಕಳು ಪುರಾಣಗಳನ್ನು ಚಿತ್ರಗಳಲ್ಲಿ ಓದಿದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯಿಂದ. ಆ ಉಪಕಾರವನ್ನು ಮರೆಯಲಾಗದು. ಆದರೆ ಆ ಪುಸ್ತಕಗಳು ಹಿಡಿದದ್ದು ಅಮೆರಿಕದ ಮಾರ್ಗವನ್ನು: ಮೂವತ್ತರ ಸುಮಾರು ಪುಟ, ಬಣ್ಣ, ಚೌಕಕ್ಕೊಂದು ಕಾರ್ಯ, ಮೇಲೆ ವಿವರಣೆಯ ವಾಕ್ಯ. ಶಶಜಾತಕದ ಮೌನಕ್ಕೆ ಅಲ್ಲಿ ಜಾಗ ಸಾಲದು. ನಮ್ಮ ಹೊಸ ಚಿತ್ರಕಾರರಲ್ಲಿ ಯಾರಾದರೂ ರನ್ನನ ದುರ್ಯೋಧನನನ್ನು ವೈಶಂಪಾಯನ ಸರೋವರದ ದಡದವರೆಗೆ, ಹೆಣಗಳ ನಡುವೆ, ಒಂದು ಮಾತೂ ಇಲ್ಲದೆ ಐವತ್ತು ಪುಟ ನಡೆಯಿಸಿದರೆ ಹೇಗಿದ್ದೀತೆಂದು ನಾನು ಆಗಾಗ ಎಣಿಸುವುದುಂಟು.

ಕೊನೆಯದಾಗಿ, ಮನೆಗೆ ಈ ಪುಸ್ತಕಗಳನ್ನು ತರಿಸುವ ಗೃಹಸ್ಥರಿಗೆ ಎರಡು ಮಾತು. ಜಪಾನಿನಲ್ಲಿ ಬಾಲಕರಿಗೆ, ಬಾಲಿಕೆಯರಿಗೆ, ಪ್ರೌಢರಿಗೆ ಎಂದು ಪತ್ರಿಕೆಗಳೇ ಬೇರೆಬೇರೆ. ‘ಒಂಟಿತೋಳ’ವು ರಕ್ತಪಾತದ ಕಥೆ, ‘ಅಕಿರ’ವೂ ಚಿಕ್ಕವರಿಗಲ್ಲ; ‘ಬುದ್ಧ’ದಲ್ಲಿಯೂ ಸೌಮ್ಯವಲ್ಲದ ಪುಟಗಳಿವೆ, ತಂದೆತಾಯಿಗಳು ಮೊದಲು ಓದಿ ಅನಂತರ ಕೊಡುವುದು ಒಳ್ಳೆಯದು. ಮೂಲದ ದಿಕ್ಕಿನಲ್ಲಿಯೇ ಅಚ್ಚಾದ ಪುಸ್ತಕವನ್ನು ನಮ್ಮ ಪುಸ್ತಕದ ಹಿಂದಿನ ರಟ್ಟಿರುವ ಕಡೆಯಿಂದ ತೆರೆದು, ಪ್ರತಿ ಪುಟದಲ್ಲಿಯೂ ಬಲಮೇಲಿನ ಚೌಕದಿಂದ ಆರಂಭಿಸತಕ್ಕದ್ದು. ನಾನು ಮೊದಲ ಅಂಥ ಪುಸ್ತಕವನ್ನು ಕೊನೆಯಿಂದ ಓದಿ, ಕಥೆಯಲ್ಲಿ ಸತ್ತವರು ಏಳುತ್ತಿರುವುದನ್ನು ಕಂಡು, ಇದೇನೋ ಪುನರ್ಜನ್ಮದ ತತ್ತ್ವವಿರಬೇಕೆಂದು ಅರ್ಧ ದಿನ ಯೋಚಿಸಿದ್ದೆನು.